ಸ್ಕಾಟ್ಲೆಂಡಿನ ಗಾಳಿಯಲ್ಲಿ ಗಾಲ್ಫ್: ನನ್ನ ಅನುಭವ

ನಾನು ಗಾಲ್ಫ್ ಕಲಿತದ್ದು ಬೆಂಗಳೂರಿನಲ್ಲಿ. ಸುತ್ತ ಎತ್ತರದ ಮರಗಳು, ಮೆತ್ತನೆಯ ಹುಲ್ಲು. ಚೆಂಡನ್ನು ಎತ್ತರಕ್ಕೆ ಹಾರಿಸುವ ಕೋಲಾದ ವೆಡ್ಜ್‌ನಲ್ಲಿ ಎತ್ತಿ ಹೊಡೆದರೆ ಚೆಂಡು ಬಿದ್ದ ಕಡೆಯೇ ನಿಲ್ಲುತ್ತದೆ. ಹೋದ ಮೇ ತಿಂಗಳಲ್ಲಿ ಭಾವನ ಜೊತೆ ಸ್ಕಾಟ್ಲೆಂಡಿಗೆ ಹೋದಾಗ ಆ ಆಟ ಮೊದಲ ದಿನವೇ ಕೈಕೊಟ್ಟಿತು.

ಮೊದಲು ಆಡಿದ್ದು ನಾರ್ತ್ ಬೆರಿಕ್‌ನಲ್ಲಿ. ಎಡಿನ್‌ಬರೊದಿಂದ ರೈಲಿನಲ್ಲಿ ಅರ್ಧ ಗಂಟೆ ದಾರಿ. ಪಕ್ಕದಲ್ಲೇ ಸಮುದ್ರ, ಆಚೆ ಗ್ಯಾನೆಟ್ ಹಕ್ಕಿಗಳಿಂದ ಬೆಳ್ಳಗೆ ಕಾಣುವ ಬಾಸ್ ರಾಕ್ ಬಂಡೆ. ಗಾಳಿಯನ್ನು ತಡೆಯೋಕೆ ಏನೂ ಇಲ್ಲ. ನೂರು ಗಜಕ್ಕೆ ಅಂತ ವೆಡ್ಜ್‌ನಲ್ಲಿ ಹೊಡೆದೆ. ಚೆಂಡು ಮೇಲೆ ಹೋಗಿ, ಅಲ್ಲೇ ನಿಂತಂತಾಗಿ, ಎಪ್ಪತ್ತು ಗಜದಲ್ಲಿ ಬಿತ್ತು. ಇನ್ನೂ ಜೋರಾಗಿ ಹೊಡೆದೆ. ಇನ್ನೂ ಹತ್ತಿರ ಬಿತ್ತು!

ಕೋಲುಗಳ ಚೀಲ ಹೊರುವ ಕ್ಯಾಡಿ ಏನೂ ಹೇಳದೆ ವೆಡ್ಜ್ ತೆಗೆದುಕೊಂಡು, ಚೆಂಡನ್ನು ಅಷ್ಟು ಮೇಲೆತ್ತದ 7 ಐರನ್ ಕೋಲು ಕೊಟ್ಟರು. ಹೊಡೆಯೋದು ಹೇಗೆ ಅಂತ ತೋರಿಸಿದರು: ಚೆಂಡು ಬಲಗಾಲಿನ ಕಡೆಗೆ, ಕೈ ಚೆಂಡಿಗಿಂತ ಮುಂದೆ, ಹಿಡಿ ಒಂದು ಇಂಚು ಕೆಳಗೆ, ಅರ್ಧ ಸ್ವಿಂಗ್. ಅಷ್ಟೇ. ಜೋರಾಗಿ ಹೊಡೆದಷ್ಟೂ ಚೆಂಡು ಹಿಂದಕ್ಕೆ ಜಾಸ್ತಿ ತಿರುಗುತ್ತದೆ, ಮೇಲೇಳುತ್ತದೆ, ಗಾಳಿಯ ಕೈಗೆ ಸಿಗುತ್ತದೆ. ಮೆಲ್ಲಗೆ ಹೊಡೆದರೆ ಮೊಣಕಾಲೆತ್ತರದಲ್ಲಿ ಹೋಗಿ ಉಳಿದ ದಾರಿಯನ್ನು ನೆಲದ ಮೇಲೆ ಓಡುತ್ತದೆ. ಕೆಳಗೆ ಮರಳು ಮಣ್ಣು, ನೀರು ನಿಲ್ಲೋದಿಲ್ಲ. ಹುಲ್ಲು ಸಣ್ಣದು, ನೆಲ ಗಟ್ಟಿ. ಅದಕ್ಕೇ ಆ ಓಟ.

ಹಾಗಂತ ಎಲ್ಲ ಕಡೆ ನಡೆಯೋದಿಲ್ಲ. ಅಲ್ಲಿನ 13ನೇ ಹೋಲ್‌ನಲ್ಲಿ ಗ್ರೀನ್‌ಗೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ, ಮುಂದೆಯೇ ಹಳೆಯ ಕಲ್ಲುಗೋಡೆ ಇದೆ. ಹೊಸ ವಿದ್ಯೆ ಅಂತ ಓಡಿಸಿದೆ. ಚೆಂಡು ಹೋಗಿ ಗೋಡೆಯ ಬುಡಕ್ಕೆ ಅಂಟಿ ಕೂತಿತು. ಪಕ್ಕಕ್ಕೆ ತಟ್ಟಿ ಹೊರಗೆ ತಂದೆ.

ಆಮೇಲೆ ಹೋದದ್ದು ಸೇಂಟ್ ಆಂಡ್ರ್ಯೂಸ್ ಊರಿಗೆ. ಅಲ್ಲಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನದಲ್ಲಿ ಆಡಲು ಚೀಟಿ ಎತ್ತುತ್ತಾರೆ. ಆಡುವ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಡಬೇಕು, ಕನಿಷ್ಠ ಇಬ್ಬರಿರಬೇಕು. ನಿಮ್ಮ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಮರೆಯಬೇಡಿ. ನಮ್ಮ ಹೆಸರು ಬಂದದ್ದು ಮೂರನೇ ಸಲಕ್ಕೆ, ಮಂಗಳವಾರದ ಆಟಕ್ಕೆ. ಊರಿನಲ್ಲಿ ಮೂರ್ನಾಲ್ಕು ದಿನ ಉಳಿಯುವಂತೆ ಹೋಗಿ ಅಂತ ಹೇಳೋದು ಇದಕ್ಕೇ.

ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟ ಇರೋದಿಲ್ಲ. ಊರಿನವರು ಮಕ್ಕಳು, ನಾಯಿಗಳ ಜೊತೆ ಸುಮ್ನೆ ಅಡ್ಡಾಡುತ್ತಾರೆ. ನಾವೂ ಹೋಗಿ ಪೂರ್ತಿ ನಡೆದೆವು. ತುಂಬ ಒಳ್ಳೆಯದಾಯಿತು. ಅಲ್ಲಿ 112 ಬಂಕರ್‌ಗಳಿವೆ, ಅಂದರೆ ಮರಳಿನ ಗುಂಡಿಗಳು; ಮೊದಲ ಹೊಡೆತ ಹೊಡೆಯುವ ಟೀ ಮೇಲೆ ನಿಂತರೆ ಎಷ್ಟೋ ಕಾಣೋದೇ ಇಲ್ಲ. 14ನೇ ಹೋಲ್‌ನ ಹೆಲ್ ಬಂಕರ್ ಅಂಚಿನಲ್ಲಿ ನಿಂತು ನೋಡಿದ ಮೇಲೆ, ಮಂಗಳವಾರ ಎಡಕ್ಕೆ ಹೊಡೆದು ಸುತ್ತಿಕೊಂಡೇ ಹೋದೆ.

ಕೊನೆಯ ಹೋಲ್. ಗ್ರೀನ್ ಮುಂದೆ ಒಂದು ತಗ್ಗು, ಅದಕ್ಕೆ ವ್ಯಾಲಿ ಆಫ್ ಸಿನ್ ಅಂತ ಹೆಸರು. ನನ್ನ ಚೆಂಡು ಅಲ್ಲೇ ಇತ್ತು. ಕೈ ತಾನಾಗಿ ವೆಡ್ಜ್ ಕಡೆ ಹೋಯಿತು. ಭಾವ ನೋಡಿ, "ಪಟರ್ ತಗೋ," ಅಂದರು. ಚೆಂಡನ್ನು ನೆಲದ ಮೇಲೆ ಉರುಳಿಸುವ ಕೋಲು ಅದು. ತಗೊಂಡೆ. ಚೆಂಡು ದಿಬ್ಬ ಹತ್ತಿತು, ತುದಿಯಲ್ಲಿ ಒಂದು ಕ್ಷಣ ತಡೆದಂತಾಯಿತು, ಆಮೇಲೆ ಬಲಕ್ಕೆ ಬಾಗಿ ಓಡಿತು. ಕುಳಿಗೆ ಒಂದು ಮಾರು ದೂರದಲ್ಲಿ ನಿಂತಿತು. ಪಕ್ಕದ ರಸ್ತೆಯಲ್ಲಿ ಯಾರೋ ಇಬ್ಬರು ಚಪ್ಪಾಳೆ ತಟ್ಟಿದರು.