ಸಬ್ಸಿಡಿಗಿಂತ ಮೊದಲು ಊರು ನೋಡಿ: ಜಗಳೂರು ಕಡೆ ಸಾವೆ ಮಿಲ್ ಹಾಕಿದ ಅನುಭವ

ಸಿರಿಧಾನ್ಯದ ಮಿಲ್ ಹಾಕಬೇಕು ಅಂತ ನನ್ನನ್ನು ವಿಚಾರಿಸುವವರು ಮೊದಲು ಕೇಳುವುದು ಒಂದೇ, "ಅಣ್ಣ, ಸಬ್ಸಿಡಿ ಎಷ್ಟು ಸಿಗುತ್ತೆ?" ಕಾಳು ಎಲ್ಲಿಂದ ತರ್ತೀರಿ, ಮೆಷಿನ್ ಕೆಟ್ಟರೆ ಯಾರು ಬರ್ತಾರೆ, ಮಾಡಿದ ಅಕ್ಕಿ ಎಷ್ಟು ದಿನ ಇರುತ್ತೆ ಅಂತ ಕೇಳುವವರು ಕಡಿಮೆ. ಹಾಗಾಗಿ ಸಬ್ಸಿಡಿ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ. ಆಮೇಲೆ ಬೇರೆ ವಿಷಯ ಮಾತಾಡೋಣ.

ನನ್ನದು ದಾವಣಗೆರೆ ಜಿಲ್ಲೆ ಜಗಳೂರು ತಾಲೂಕಿನಲ್ಲಿ ಒಂದು ಚಿಕ್ಕ ಘಟಕ. ಸಾವೆ, ನವಣೆ ಜಾಸ್ತಿ, ಊದಲು ಮತ್ತು ಕೊರಲೆ ಸ್ವಲ್ಪ. ಹೊಟ್ಟು ಬಿಡಿಸಿ, ಕಲ್ಲು ತೆಗೆದು, ಅಕ್ಕಿ ಮಾಡಿ ಮಾರುವ ಕೆಲಸ. ಪಿಎಂಎಫ್‌ಎಂಇ ಅಡಿಯಲ್ಲಿ ಸಾಲ ಮಾಡಿ ಹಾಕಿದ್ದು. ಇದು 2020ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. ನಮ್ಮ ರಾಜ್ಯದಲ್ಲಿ ಕೆಪೆಕ್, ಅಂದರೆ ರಾಜ್ಯ ಸರ್ಕಾರದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಇದನ್ನು ನೋಡಿಕೊಳ್ಳುತ್ತದೆ. ಕೇಂದ್ರದ ಯೋಜನೆಯ ಪ್ರಕಾರ ಯೋಜನಾ ವೆಚ್ಚದ 35%, ಹೆಚ್ಚೆಂದರೆ 10 ಲಕ್ಷ. ಕರ್ನಾಟಕ ತನ್ನ ಕಡೆಯಿಂದ ಇನ್ನೂ 15% ಸೇರಿಸಿತು, ಒಟ್ಟು 50% ಆಯಿತು, ಮಿತಿ 15 ಲಕ್ಷಕ್ಕೆ ಏರಿತು. 20 ಲಕ್ಷದ ಘಟಕ ಅಂತ ಇಟ್ಟುಕೊಳ್ಳಿ. 2 ಲಕ್ಷ ನೀವು ಹಾಕಬೇಕು, 18 ಲಕ್ಷ ಬ್ಯಾಂಕ್ ಸಾಲ, ಅದರಲ್ಲಿ 10 ಲಕ್ಷ ಸಬ್ಸಿಡಿ. ಕೇಳೋಕೆ ಚೆನ್ನಾಗಿದೆ ಅಲ್ವಾ?

ಆದರೆ ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ 3 ವರ್ಷ ಆದಮೇಲೆ, ಘಟಕ ನಡೀತಾ ಇದ್ದು ಸಾಲದ ಖಾತೆ ಸರಿಯಾಗಿದ್ದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ಅಷ್ಟು ಭಾಗಕ್ಕೆ ಬಡ್ಡಿ ಹಾಕುವುದಿಲ್ಲ ಅನ್ನುವುದು ನಿಜ, ಅದೇ ದೊಡ್ಡ ಅನುಕೂಲ. ಸಬ್ಸಿಡಿ ಬಂದ ಮೇಲೆ ಮಗಳ ಮದುವೆ ಮಾಡ್ತೀನಿ ಅಂತ ಲೆಕ್ಕ ಹಾಕಿದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಈ ಯೋಜನೆಯಲ್ಲಿ ನನಗೆ ನಿಜವಾಗಿ ಇಷ್ಟವಾಗಿದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ವ್ಯವಸ್ಥೆ, ಎಲ್ಲರೂ ಡಿಆರ್‌ಪಿ ಅಂತಾರೆ. ಪ್ರಾಜೆಕ್ಟ್ ರಿಪೋರ್ಟ್ ಮಾಡಿಸುವುದು, ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು, ಬ್ಯಾಂಕಿಗೆ ಜೊತೆಯಲ್ಲಿ ಬರುವುದು ಇವರ ಕೆಲಸ. ನಾವು ದುಡ್ಡು ಕೊಡಬೇಕಾಗಿಲ್ಲ. ಒಂದು ಸಾಲ ಮಂಜೂರಾದರೆ ಸರ್ಕಾರವೇ ಅವರಿಗೆ 20,000 ರೂಪಾಯಿ ಕೊಡುತ್ತದೆ, ಅದೂ ಅರ್ಧ ಮಂಜೂರಾದಾಗ, ಇನ್ನರ್ಧ ನಮ್ಮ ಲೈಸೆನ್ಸ್, ನೋಂದಣಿ, ಘಟಕ ಎಲ್ಲ ಆದಮೇಲೆ. ಈ ಅರ್ಧರ್ಧದ ಲೆಕ್ಕ ಯಾರು ಯೋಚನೆ ಮಾಡಿದರೋ, ಅವರಿಗೆ ದೊಡ್ಡ ನಮಸ್ಕಾರ. ಅರ್ಜಿ ತುಂಬಿ ಕೈ ತೊಳೆದುಕೊಳ್ಳುವವರಿಗೆ ಪೂರ್ತಿ ದುಡ್ಡು ಸಿಗುವುದಿಲ್ಲ. ನಾನು ಹೋದ ಮೊದಲ ಬ್ಯಾಂಕಿನಲ್ಲಿ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಯೋಜನೆ ಇದ್ದರೂ ಮನೆ ಪತ್ರ ತನ್ನಿ ಅಂದರು. ನಾನು ಒಬ್ಬನೇ ಆಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಡಿಆರ್‌ಪಿ ಇನ್ನೊಂದು ಶಾಖೆಗೆ ಕರೆದುಕೊಂಡು ಹೋದರು. ಅಲ್ಲಿಯ ಮ್ಯಾನೇಜರ್ ಆಗಲೇ ಇಂಥದ್ದೇ ಒಂದು ಘಟಕಕ್ಕೆ ಸಾಲ ಕೊಟ್ಟಿದ್ದರು, ಹಾಗಾಗಿ ಸಾವೆ ಮಿಲ್ ಅಂದರೆ ಏನು ಅಂತ ವಿವರಿಸುವ ಕೆಲಸ ಇರಲಿಲ್ಲ.

ಸಬ್ಸಿಡಿ ಕಥೆ ಇಷ್ಟು. ಈಗ ಊರಿನ ವಿಷಯ.

ಇದೇ ಯೋಜನೆಯಲ್ಲಿ ಒಂದು ಜಿಲ್ಲೆಗೆ ಒಂದು ಉತ್ಪನ್ನ ಅಂತ ಆರಿಸಿದಾಗ ಮಂಡ್ಯಕ್ಕೆ ಬೆಲ್ಲ, ಕಲಬುರಗಿಗೆ ತೊಗರಿ, ವಿಜಯಪುರಕ್ಕೆ ನಿಂಬೆ, ನಮಗೆ ಸಿರಿಧಾನ್ಯ ಬಂತು. ದಾವಣಗೆರೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ ಇದೆ, ಸಿರಿಧಾನ್ಯ ಯಾಕೆ ಕೊಟ್ಟರು ಅಂತ ಆಗ ತುಂಬಾ ಜನ ನಕ್ಕರು. ನಗುವುದಕ್ಕೆ ಕಾರಣ ಇತ್ತು. ಮೆಕ್ಕೆಜೋಳಕ್ಕೆ ಕಣದ ಹತ್ತಿರವೇ ಲಾರಿ ಬರುತ್ತದೆ, ದುಡ್ಡು ಕೈಗೆ ಸಿಗುತ್ತದೆ. ಸಾವೆ ಬೆಳೆದರೆ ಕೊಳ್ಳುವವರನ್ನು ಹುಡುಕಬೇಕು. ಆದರೆ ಒಂದು ಜಿಲ್ಲೆಗೆ ಏನು ಹೊಂದುತ್ತದೆ ಅಂತ ನೋಡುವಾಗ ಹೊಲದಲ್ಲಿ ಏನಿದೆ ಅನ್ನುವುದರ ಜೊತೆಗೆ ಪೇಟೆಯಲ್ಲಿ ಏನಿದೆ ಅಂತಲೂ ನೋಡಬೇಕು. ದಾವಣಗೆರೆ ಪೇಟೆಯಲ್ಲಿ ಅಕ್ಕಿ ಮಿಲ್‌ಗಳಿವೆ, ಮಂಡಕ್ಕಿ ಭಟ್ಟಿಗಳಿವೆ. ಭದ್ರಾ ನೀರು ಬಂದ ಮೇಲೆ ಭತ್ತ, ಭತ್ತದ ಹಿಂದೆ ಮಿಲ್, ಮಿಲ್‌ನ ಹಿಂದೆ ಫಿಟ್ಟರ್, ವೆಲ್ಡರ್, ಜರಡಿ ಮಾರುವವರು, ಬೆಲ್ಟ್-ಬೇರಿಂಗ್ ಅಂಗಡಿ, ಮೋಟಾರ್ ವೈಂಡಿಂಗ್ ಮಾಡುವವರು. ಇವರು ಯಾರೂ ಯಾವ ಯೋಜನೆಯ ಪಟ್ಟಿಯಲ್ಲೂ ಇಲ್ಲ. ನನ್ನ ಮಿಲ್ ನಡೆಯುತ್ತಿರುವುದು ಮಾತ್ರ ಇವರಿಂದ.

ಯಾಕೆ ಅಂತ ಹೇಳುತ್ತೇನೆ. ನನ್ನ ಮೆಷಿನ್ ಕೊಯಮತ್ತೂರು ಕಡೆಯದು. ಸಿರಿಧಾನ್ಯದ ಹಲ್ಲರ್, ಅಂದರೆ ಹೊಟ್ಟು ಬಿಡಿಸುವ ಮೆಷಿನ್, ಅಲ್ಲಿ ಚೆನ್ನಾಗಿ ಮಾಡುತ್ತಾರೆ. ಆದರೆ ಸೀಸನ್ ಮಧ್ಯದಲ್ಲಿ ಕಾಳು ಮೇಲಕ್ಕೆ ಎತ್ತುವ ಎಲಿವೇಟರ್ ಬಕೆಟ್ ಕಿತ್ತುಕೊಂಡರೆ ಅಲ್ಲಿಂದ ಜನ ಬರುವುದಕ್ಕೆ ಕಾಯಲು ಆಗುತ್ತಾ? ಭತ್ತದ ಮಿಲ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬ ಫಿಟ್ಟರ್ ದಾವಣಗೆರೆಯಲ್ಲಿ ಸಿಕ್ಕರು. ಅವರು ಅದುವರೆಗೆ ಸಾವೆ ಮೆಷಿನ್ ಬಿಚ್ಚಿರಲಿಲ್ಲ. ಆದರೆ ಕಾಳು ಎಲ್ಲಿ ಹೋಗುತ್ತದೆ, ಗಾಳಿ ಎಲ್ಲಿ ಹೊಡೆಯಬೇಕು, ಜರಡಿ ಎಷ್ಟು ಓರೆ ಇರಬೇಕು ಅನ್ನುವುದು ಅವರ ಕೈಗೆ ಗೊತ್ತಿತ್ತು. ಗಾಳಿಯಲ್ಲಿ ಹೊಟ್ಟಿನ ಜೊತೆ ಅಕ್ಕಿಯೂ ಹಾರಿಹೋಗುತ್ತಿದ್ದುದನ್ನು ಸರಿ ಮಾಡಿದ್ದು ಅವರೇ. ಬ್ಲೋವರ್ ಬಾಯಿಗೆ ಒಂದು ತಗಡಿನ ಬಾಗಿಲು ಮಾಡಿ ಕೊಟ್ಟರು, ಸಾವೆಗೆ ಇಷ್ಟು, ನವಣೆಗೆ ಇಷ್ಟು ಅಂತ ಗುರುತು ಹಾಕಿ. ಇನ್ನೋವೇಷನ್ ಅಂತ ದೊಡ್ಡ ದೊಡ್ಡ ಸಭೆ ಮಾಡುತ್ತಾರಲ್ಲ, ನನ್ನ ಪ್ರಕಾರ ಅದು ಈ ತಗಡಿನ ಬಾಗಿಲು.

ಕಾಳಿನ ವಿಷಯಕ್ಕೆ ಬಂದರೆ ಜಿಲ್ಲೆಯ ಗಡಿ ಸುಮ್ನೆ ಒಂದು ಗೆರೆ. ಒಳ್ಳೆ ಸಾವೆ ಬೇಕು ಅಂದರೆ ನಾನು ಹೊಸದುರ್ಗದ ಕಡೆ ಹೋಗುತ್ತೇನೆ, ಅದು ಚಿತ್ರದುರ್ಗ ಜಿಲ್ಲೆ. ನಮ್ಮ ಜಗಳೂರೂ 1997ರವರೆಗೆ ಚಿತ್ರದುರ್ಗದಲ್ಲೇ ಇತ್ತು. ಅದೇ ಮಳೆ, ಹೆಚ್ಚುಕಮ್ಮಿ ಅದೇ ನೆಲ. ಯೋಜನೆ ಮಾಡುವವರು ಜಿಲ್ಲೆ ಲೆಕ್ಕ ಬಿಟ್ಟು ಮಳೆ ಮತ್ತು ಸಂತೆಯ ಲೆಕ್ಕದಲ್ಲಿ ನಾಲ್ಕೈದು ತಾಲೂಕು ಸೇರಿಸಿ ಯೋಚಿಸಿದರೆ ಚೆನ್ನಾಗಿರುತ್ತದೆ ಅಂತ ಅನೇಕ ಸಲ ಹೇಳಿದ್ದೇನೆ. ಕೇಳಿಸಿಕೊಂಡು ತಲೆ ಆಡಿಸುತ್ತಾರೆ.

ಈಗ ಅಸಲಿ ಕಷ್ಟ: ದುಡಿಯುವ ಬಂಡವಾಳ.

ಸಾವೆ ಹೊಟ್ಟಿನ ಜೊತೆ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು, ಬರಗಾಲದ ಧಾನ್ಯ ಅಂತ. ಹೊಟ್ಟು ಬಿಡಿಸಿದಿರೋ, ಗಡಿಯಾರ ಶುರುವಾಯಿತು. ಪಾಲಿಶ್ ಮಾಡದ ಅಕ್ಕಿಯ ಮೇಲೆ ತೌಡು ಇರುತ್ತದೆ, ತೌಡಿನಲ್ಲಿ ಎಣ್ಣೆ ಇರುತ್ತದೆ, ಆ ಎಣ್ಣೆ ಕೆಲವೇ ತಿಂಗಳಲ್ಲಿ ಮುಗ್ಗಲು ವಾಸನೆ ಹೊಡೆಯುತ್ತದೆ. ಬೆಳ್ಳಗೆ ಪಾಲಿಶ್ ಮಾಡಿದರೆ ಜಾಸ್ತಿ ದಿನ ಇರುತ್ತದೆ, ಆದರೆ ಆರೋಗ್ಯಕ್ಕೆ ಅಂತ ಕೊಳ್ಳುವ ಗಿರಾಕಿಗೆ ಅದು ಬೇಡ. ಸಿರಿಧಾನ್ಯ ತಿನ್ನಿ ಅಂತ ಪ್ರಚಾರ ಮಾಡುವ ಖಾದರ್ ವಲಿಯವರ ಮಾತು ಕೇಳಿ ಸಾವೆ, ನವಣೆ, ಹಾರಕ, ಊದಲು, ಕೊರಲೆ ಅಂತ ಐದೂ ಕೇಳುವ ಗಿರಾಕಿಗಳು ನಮಗೆ ಜಾಸ್ತಿ. ಅವರು ಪಾಲಿಶ್ ಅಂದರೆ ಬೈಯುತ್ತಾರೆ. ಹಾಗಾಗಿ ಇರುವ ದಾರಿ ಒಂದೇ. ಕಾಳನ್ನು ಹೊಟ್ಟಿನ ಜೊತೆ ಇಟ್ಟುಕೊಂಡು, ಆರ್ಡರ್ ಬಂದಷ್ಟು ಮಾತ್ರ ಮಿಲ್ ಮಾಡಬೇಕು.

ಅಂದರೆ ಸುಗ್ಗಿಯಲ್ಲಿ ಇಡೀ ವರ್ಷದ ಕಾಳು ಕೊಂಡು ಗೋಡೌನ್ ತುಂಬಬೇಕು. ಕೆಜಿಗೆ 35 ರೂಪಾಯಿ ಅಂತ ಇಟ್ಟುಕೊಂಡರೂ 20 ಟನ್‌ಗೆ 7 ಲಕ್ಷ. ರೈತರಿಗೆ ಅವತ್ತೇ ದುಡ್ಡು ಕೊಡಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಅವರೂ ಮೆಕ್ಕೆಜೋಳ ಹಾಕುತ್ತಾರೆ. ಅಂಗಡಿಯವರು ನನಗೆ ಕೊಡುವುದು ತಿಂಗಳು, ಒಂದೂವರೆ ತಿಂಗಳ ಮೇಲೆ. ನನ್ನ ಸಬ್ಸಿಡಿ ಲೆಕ್ಕ ನಿಂತಿದ್ದು ಯಂತ್ರ ಮತ್ತು ಶೆಡ್‌ನ ಒಂದು ಭಾಗದ ಮೇಲೆ. ಕಾಳು ಕೊಳ್ಳುವ ದುಡ್ಡು ನನ್ನ ತಲೆನೋವು. ನನ್ನ ಕಣ್ಣ ಮುಂದೆ ಬೀಗ ಬಿದ್ದ ಘಟಕಗಳಲ್ಲಿ ಮೆಷಿನ್ ಹೊಸದಾಗಿಯೇ ಇತ್ತು. ಕಾಳು ಇರಲಿಲ್ಲ.

ನಾನು ಇದಕ್ಕೆ ಮಾಡಿಕೊಂಡ ದಾರಿ ಏನಂದರೆ, ಮೊದಲ ಸುಗ್ಗಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಕೂಲಿ ಮಿಲ್ಲಿಂಗ್. ರೈತರು ಅವರ ಸಾವೆ ತರುತ್ತಾರೆ, ಅಕ್ಕಿ ಮಾಡಿ ಕೊಡುತ್ತೇನೆ, ಕೆಜಿ ಲೆಕ್ಕದಲ್ಲಿ ಕೂಲಿ. ಮೊದಲೆಲ್ಲ ಸಾವೆ ಬಿಟ್ಟವರು ಯಾಕೆ ಬಿಟ್ಟರು ಅಂತ ಕೇಳಿದರೆ ಬೆಲೆ ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಹೆಂಗಸರು ಹೇಳಿದ್ದೇ ಬೇರೆ: "ಕುಟ್ಟೋರು ಯಾರಪ್ಪ?" ಹತ್ತಿರದಲ್ಲಿ ಮಿಲ್ ಬಂದಮೇಲೆ ಮನೆಗೆ ಅಂತ ಎರಡು ಚೀಲ, ಮಾರಲು ಅಂತ ನಾಲ್ಕು ಚೀಲ ಬೆಳೆಯುವವರು ಮತ್ತೆ ಶುರುವಾದರು. ಕೂಲಿಗೆ ಬಂದವರೇ ಆಮೇಲೆ ನನಗೆ ಕಾಳು ಮಾರುವವರಾದರು. ಸರ್ಕಾರದ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಇದೆ. ಅದು ಒಳ್ಳೆಯದೇ, ಆದರೆ ಹತ್ತಿರದಲ್ಲೊಂದು ಮಿಲ್ ಇರುವುದು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗೆ ಅನಿಸಿದೆ.

ಕಾಗದಪತ್ರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಯಾರಿಗೂ ಸಾವಿರ ರೂಪಾಯಿ ಕೊಡಬೇಡಿ. ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆಯ ಕಾಗದ, ನಾನು ಮಾಡಿಸುವಾಗ 12 ಲಕ್ಷದವರೆಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿಯ ನೋಂದಣಿ ಸಾಕಿತ್ತು. 2022ರ ಜುಲೈನಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಧಾನ್ಯಕ್ಕೆ 5% ಜಿಎಸ್‌ಟಿ ಇದೆ, ಬಿಡಿಯಾಗಿ ಮಾರಿದರೆ ಇಲ್ಲ. ಪ್ಯಾಕೆಟ್ ಮೇಲೆ ಏನೇನು ಇರಬೇಕು ಅಂತ ತೂಕ ಅಳತೆ ಇಲಾಖೆಯಲ್ಲಿ ಮೊದಲೇ ಕೇಳಿಕೊಂಡು ಪ್ರಿಂಟ್ ಮಾಡಿಸಿ. ಶೆಡ್ ಹೊಲದಲ್ಲಿ ಹಾಕುವವರು ಕರೆಂಟ್ ಯಾವ ಲೈನ್‌ನಿಂದ ಬರುತ್ತದೆ ಅಂತ ಬೆಸ್ಕಾಂನಲ್ಲಿ ವಿಚಾರಿಸಿ. ಪಂಪ್‌ಸೆಟ್ ಲೈನ್‌ನಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವು ಗಂಟೆ ಮಾತ್ರ ಇರುತ್ತದೆ, ಅದೂ ಕೆಲವು ಸಲ ರಾತ್ರಿ ಪಾಳಿ. ಊರಿನ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಲೈನ್ ಹತ್ತಿರ ಇರುವ ಜಾಗವೇ ಒಳ್ಳೆಯದು, ಬಾಡಿಗೆ ಸ್ವಲ್ಪ ಜಾಸ್ತಿ ಆದರೂ.

ತರಬೇತಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ. ಮೈಸೂರಿನ ಸಿಎಫ್‌ಟಿಆರ್‌ಐ ಆಹಾರ ಸಂಶೋಧನೆಯ ದೊಡ್ಡ ಸಂಸ್ಥೆ, ಅಲ್ಲಿ ಕಲಿಯುವುದು ತುಂಬಾ ಇದೆ. ಆದರೆ ಕಾಳು ಸರಿಯಾಗಿ ಒಣಗಿದೆಯಾ ಅಂತ ಬೆಳಿಗ್ಗೆ ಕೇಳಿ ಮಧ್ಯಾಹ್ನ ಉತ್ತರ ತಿಳಿದುಕೊಳ್ಳಬೇಕು ಅಂದರೆ ಹತ್ತಿರ ಇರುವವರೇ ಬೇಕು. ತೇವ ಸ್ವಲ್ಪ ಜಾಸ್ತಿ ಇದ್ದರೆ ಹೊಟ್ಟು ಬಿಡುವುದಿಲ್ಲ, ತೀರಾ ಒಣಗಿದ್ದರೆ ನುಚ್ಚು ಬೀಳುತ್ತದೆ. 100 ಕೆಜಿ ಸಾವೆಗೆ 60ರಿಂದ 65 ಕೆಜಿ ಅಕ್ಕಿ ಬಂದರೆ ನನಗೆ ಲೆಕ್ಕ ಕೂಡುತ್ತದೆ. ಲಾಭ-ನಷ್ಟ ಆ ನಾಲ್ಕೈದು ಕೆಜಿಯಲ್ಲೇ ಇದೆ.

ಮಾರಾಟದಲ್ಲಿ ನನ್ನದೊಂದು ತಕರಾರಿದೆ. ಪ್ರತಿ ಚಿಕ್ಕ ಘಟಕಕ್ಕೂ ಬ್ರಾಂಡ್ ಮಾಡಿ, ಲೋಗೋ ಮಾಡಿ ಅಂತ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಕೃಷಿ ಇಲಾಖೆ ನಡೆಸುವ ಸಾವಯವ ಮತ್ತು ಸಿರಿಧಾನ್ಯ ಮೇಳಕ್ಕೆ ಹೋಗಿ ನೋಡಿ, ಸಾಲು ಸಾಲು ಮಳಿಗೆಗಳಲ್ಲಿ ಒಂದೇ ನವಣೆ, ಬೇರೆ ಬೇರೆ ಹೆಸರು. ಕೊಳ್ಳುವವರಿಗೆ ಯಾವ ಹೆಸರೂ ನೆನಪಿರುವುದಿಲ್ಲ. ಕಲಬುರಗಿಯಲ್ಲಿ ಮಾಡಿದ್ದು ನನಗೆ ಸರಿ ಅನಿಸುತ್ತದೆ. ಅಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಸ್ವಸಹಾಯ ಸಂಘದ ಹೆಂಗಸರು ಮಾಡುವ ಜೋಳದ ರೊಟ್ಟಿಗೆ "ಕಲಬುರಗಿ ರೊಟ್ಟಿ" ಅಂತ ಒಂದೇ ಹೆಸರು ಕೊಟ್ಟಿತು. ಊರಿನ ಹೆಸರಿಗೆ ಇರುವ ಬೆಲೆ ನನ್ನ ಲೋಗೋಗೆ ಎಲ್ಲಿ ಬರಬೇಕು? ದಾವಣಗೆರೆ ಬೆಣ್ಣೆ ದೋಸೆಗೆ ಯಾರಾದರೂ ಲೋಗೋ ಮಾಡಿದ್ದಾರಾ? ಇಂಥ ಒಟ್ಟು ಬ್ರಾಂಡಿಂಗ್‌ಗೆ ಪಿಎಂಎಫ್‌ಎಂಇಯಲ್ಲೇ 50% ನೆರವು ಇದೆ, ಆದರೆ ಅದು ಸಂಘ, ಸಹಕಾರಿ, ರೈತ ಕಂಪನಿಗಳಿಗೆ. ಒಬ್ಬೊಬ್ಬರಾಗಿ ಹೋದರೆ ಸಿಗುವುದಿಲ್ಲ.

ಈಗ ನಮ್ಮ ಕಡೆಯ ಕೆಲವು ಘಟಕದವರು ಸೇರಿ ಮಾತಾಡುತ್ತಿರುವುದು ಕಲರ್ ಸಾರ್ಟರ್ ಬಗ್ಗೆ. ಹೊಟ್ಟು ಬಿಡದ ಕಾಳು, ಕಪ್ಪು ಕಾಳು ಎಲ್ಲ ಕ್ಯಾಮೆರಾದಲ್ಲಿ ಹಿಡಿದು ತೆಗೆಯುವ ಮೆಷಿನ್. ಅದಿಲ್ಲದೆ ದೊಡ್ಡ ಅಂಗಡಿಗಳು ಮಾಲು ಮುಟ್ಟುವುದಿಲ್ಲ. ಒಬ್ಬರ ಮಿಲ್‌ಗೆ ಹಾಕಿದರೆ ವರ್ಷದಲ್ಲಿ ಮುಕ್ಕಾಲು ದಿನ ಸುಮ್ನೆ ನಿಂತಿರುತ್ತದೆ. ಯೋಜನೆಯಲ್ಲಿ ಹಲವರು ಸೇರಿ ಬಳಸುವ ಸಾಮಾನ್ಯ ಸೌಲಭ್ಯಕ್ಕೆ 35% ನೆರವು ಇದೆ, ಕೃಷಿ ಮೂಲಸೌಕರ್ಯ ನಿಧಿಯಿಂದ 2 ಕೋಟಿವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿಯೂ ಇದೆ. ಲೆಕ್ಕ ಕೂಡುತ್ತದೆ. ಕೂಡದೆ ಇರುವುದು ಮೆಷಿನ್ ಯಾರ ಶೆಡ್‌ನಲ್ಲಿ ಇಡುವುದು ಅನ್ನುವ ವಿಷಯ. ಜಗಳೂರಿನವರು ಜಗಳೂರು ಅಂತಾರೆ, ದಾವಣಗೆರೆ ಹತ್ತಿರದವರು ಹೈವೇ ಪಕ್ಕ ಅಂತಾರೆ. ಕಾಳು ಇರುವ ಕಡೆ ಇಡಬೇಕು, ಸಾಗಿಸುವ ಖರ್ಚು ಕಡಿಮೆ ಅಂತ ನನ್ನ ವಾದ. ನನ್ನ ಶೆಡ್ ಜಗಳೂರಿನಲ್ಲೇ ಇರುವುದರಿಂದ ಅದನ್ನು ಯಾರೂ ಅಷ್ಟಾಗಿ ನಂಬುತ್ತಿಲ್ಲ.