ಎದುರು ಕೂರಿಸಬೇಡಿ, ಪಕ್ಕದಲ್ಲಿ ಕೂರಿ: ಹದಿಹರೆಯದ ಮಕ್ಕಳ ಜತೆ ಮಾತಾಡುವ ಬಗೆ

ಸಂಜೆ ಬಸ್ ಇಳಿದು ಬಂದ ಮಗ ಬ್ಯಾಗ್ ಎಸೆದು ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. "ಟೆಸ್ಟ್ ಏನಾಯ್ತೋ?" ಅಂತ ಅಮ್ಮ ಹೊರಗಿನಿಂದ ಕೂಗುತ್ತಾರೆ. "ಏನಿಲ್ಲ." ಅಲ್ಲಿಗೆ ಮಾತು ಮುಗಿಯಿತು. ಮೂಡಿಗೆರೆ, ಸಕಲೇಶಪುರದ ಒಳಹಳ್ಳಿಗಳಿಂದ ಪೇಟೆಯ ಕಾಲೇಜಿಗೆ ಓಡಾಡುವ ಮಕ್ಕಳು ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟಿರುತ್ತಾರೆ. ಕ್ಲಾಸು, ಟ್ಯೂಷನ್, ನಿಂತೇ ಬಂದ ಬಸ್ಸು. ಆ ಹೊತ್ತಿನಲ್ಲಿ ಅವರಲ್ಲಿ ಹಸಿವು, ಸುಸ್ತು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ. ಮೊದಲು ತಿನ್ನಲು ಕೊಡಿ. ಬಂದ ಅರ್ಧ ಗಂಟೆ ಯಾವ ಪ್ರಶ್ನೆಯೂ ಬೇಡ. ಬೇರೆಲ್ಲ ಬಿಟ್ಟು ಇದೊಂದನ್ನೇ ಎರಡು ವಾರ ಪಾಲಿಸಿ ನೋಡಿ.

ಇನ್ನು ಜಾಗ. "ಬಾ ಇಲ್ಲಿ, ನಿನ್ನ ಹತ್ರ ಮಾತಾಡ್ಬೇಕು" ಎಂದು ಎದುರಿಗೆ ಕೂರಿಸಿದರೆ ಅದು ಮಕ್ಕಳ ಪಾಲಿಗೆ ವಿಚಾರಣೆ. ಕೈಗೆ ಕೆಲಸ ಇದ್ದು, ಕಣ್ಣು ಬೇರೆಲ್ಲೋ ಇದ್ದಾಗ ಮಾತು ತಾನಾಗಿ ಹೊರಡುತ್ತದೆ. ಸುಗ್ಗಿಯಲ್ಲಿ ಕಣದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವಾಗ, ಅವರೆಕಾಳು ಹಿತುಕುವಾಗ, ಗಾಡಿಯಲ್ಲಿ ಚಿಕ್ಕಮಗಳೂರಿಗೆ ಹೋಗುವಾಗ, ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋದ ರಾತ್ರಿ. ಹತ್ತು ನಿಮಿಷ ಸಾಕು. ಮಾತು ನಿಂತರೆ ನಿಲ್ಲಲಿ, ಎಳೆಯಬೇಡಿ.

ಪ್ರಶ್ನೆ "ಯಾಕೆ" ಎಂದು ಶುರುವಾದರೆ ಆರೋಪದಂತೆ ಕೇಳಿಸುತ್ತದೆ. "ಯಾಕೆ ಲೇಟು?" ಅನ್ನುವ ಬದಲು "ಬಸ್ ತಪ್ತಾ?" ಅನ್ನಿ. ಮಗಳು ಏನಾದರೂ ಹೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಸುಮ್ಮನಿರಿ. ಎರಡನೆಯ ಮಾತಿನಲ್ಲೇ ನಿಜವಾದ ವಿಷಯ ಇರುತ್ತದೆ, ಬಹಳಷ್ಟು ಅಪ್ಪ ಅಮ್ಮಂದಿರು ಅದು ಬರುವ ಮೊದಲೇ ಬುದ್ಧಿವಾದ ಶುರುಮಾಡಿರುತ್ತಾರೆ. ಆಮೇಲೆ ಅವಳ ಭಾವನೆಯನ್ನು ನಿಮ್ಮ ಬಾಯಲ್ಲಿ ಹೇಳಿ: "ಎಲ್ಲರ ಮುಂದೆ ಹಂಗಂದ್ರೆ ಅವಮಾನ ಆಗಿರುತ್ತೆ ಅಲ್ವಾ ಪುಟ್ಟಿ?" ನಂತರ ಇದನ್ನು ಕೇಳಿ: "ಸುಮ್ನೆ ಕೇಳಿಸ್ಕೊಳ್ಲಾ, ಇಲ್ಲ ಏನಾದ್ರೂ ಮಾಡ್ಬೇಕಾ?"

ನಂಬಿ ಹೇಳಿದ್ದನ್ನು ರಾತ್ರಿ ಚಿಕ್ಕಮ್ಮನಿಗೆ ಫೋನಿನಲ್ಲಿ ಒಪ್ಪಿಸುವುದು, ಮುಂದಿನ ಜಗಳದಲ್ಲಿ ಅದನ್ನೇ ಎತ್ತಿ ಆಡುವುದು, ಇವೆರಡಕ್ಕಿಂತ ದೊಡ್ಡ ತಪ್ಪಿಲ್ಲ. ಒಮ್ಮೆ ಹೀಗಾದರೆ ಆ ಬಾಗಿಲು ವರ್ಷಗಟ್ಟಲೆ ತೆರೆಯದು. ಬೇರೆಯವರಿಗೆ ಹೇಳಲೇಬೇಕಾದ ವಿಷಯವಾದರೆ ಮಗುವಿಗೆ ಮೊದಲು ತಿಳಿಸಿ.

ಬೆಳಿಗ್ಗೆ ಏಳದಿರುವುದನ್ನು ಸೋಮಾರಿತನ ಅನ್ನಬೇಡಿ. ನಿದ್ದೆಗೆ ಕರೆಯುವ ಮೆಲಟೋನಿನ್ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದೂವರೆಗೆ ಮಲಗಿ ಆರಕ್ಕೆ ಎದ್ದವರಿಗೆ ಸಿಗುವುದು ಆರೂವರೆ. ಭಾನುವಾರ ಒಂದೆರಡು ಗಂಟೆ ಹೆಚ್ಚು ಮಲಗಲಿ ಬಿಡಿ. ಸಿಟ್ಟನ್ನು ತಡೆಯುವ, ಮುಂದಿನದನ್ನು ಯೋಚಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ಕ್ಕೆ. ಹಾಗಾಗಿ ಸಿಟ್ಟಿನ ಹೊತ್ತಿನಲ್ಲಿ ವಾದ ಬೇಡ. "ರೊಟ್ಟಿ ತಿಂದಾದ್ಮೇಲೆ ಮಾತಾಡಣ" ಎಂದು ಎದ್ದುಬನ್ನಿ, ಹೇಳಿದ ಹೊತ್ತಿಗೆ ಮರೆಯದೆ ಮಾತಾಡಿ.

ಮೊಬೈಲ್ ಕಿತ್ತುಕೊಂಡರೆ ಗೆಳೆಯನ ಮೊಬೈಲು ಬರುತ್ತದೆ. ಕಾಲೇಜಿನ ನೋಟ್ಸೂ ವಾಟ್ಸಾಪಿನಲ್ಲೇ ಬರುವಾಗ ಪೂರ್ತಿ ನಿಲ್ಲಿಸುವುದಂತೂ ಆಗದ ಮಾತು. ಒಂದು ಹಾಳೆಯಲ್ಲಿ ಇಬ್ಬರೂ ಕೂತು ಬರೆಯಿರಿ: ರಾತ್ರಿ ಎಷ್ಟು ಗಂಟೆಗೆ ಫೋನು ನಡುಮನೆಯ ಚಾರ್ಜರಿಗೆ ಹೋಗಬೇಕು, ಊಟದ ಹೊತ್ತಿನಲ್ಲಿ ಏನು, ಮೀರಿದರೆ ಏನು. ಸಮಯವನ್ನು ಮಗನೇ ಮೊದಲು ಹೇಳಲಿ, ಆಮೇಲೆ ಚೌಕಾಸಿ ಮಾಡಿ. ಅಪ್ಪನ ಫೋನೂ ಅದೇ ಹೊತ್ತಿಗೆ ಅಲ್ಲಿಗೇ ಬರಬೇಕು. ಇದಿಲ್ಲದ ಒಪ್ಪಂದ ಮೂರು ದಿನ ಬಾಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹಾಳೆ ತೆಗೆದು ತಿದ್ದಿ.

"ಬೇಡ" ಅನ್ನಲೇಬೇಕಾದಾಗ ಒಂದೇ ಕಾರಣ ಕೊಡಿ, ಬದಲಿ ದಾರಿಯನ್ನೂ ಹೇಳಿ. ಹದಿನಾರರ ಮಗ ಬೈಕಿನಲ್ಲಿ ಮುಳ್ಳಯ್ಯನಗಿರಿಗೆ ಹೋಗುತ್ತೇನೆ ಅಂದ ಅಂದುಕೊಳ್ಳಿ. ಗೇರ್ ಬೈಕಿನ ಲೈಸೆನ್ಸಿಗೆ 18 ತುಂಬಿರಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಇಷ್ಟನ್ನು ಹೇಳಿ, "ಭಾನುವಾರ ಜೀಪ್ ಮಾಡ್ಕೊಂಡು ಎಲ್ರೂ ಹೋಗಿ" ಅನ್ನಿ. "ನಾನು ಬೇಡ ಅಂದ್ರೆ ಬೇಡ" ಎಂಬುದು ಕಳ್ಳತನದಲ್ಲಿ ಹೋಗಲು ಕಲಿಸುತ್ತದೆ.

ಮಕ್ಕಳಿಗೂ ಒಂದು ಮಾತು. ಅಪ್ಪ ಆಳುಗಳಿಗೆ ಬಟವಾಡೆ ಮಾಡುವಾಗ, ಅಮ್ಮ ಒಲೆ ಮುಂದೆ ಇರುವಾಗ ಅನುಮತಿ ಕೇಳಬೇಡಿ. ಯಾರ ಜತೆ, ಎಲ್ಲಿಗೆ, ಹೇಗೆ, ಎಷ್ಟಕ್ಕೆ ವಾಪಸ್, ಎಷ್ಟು ದುಡ್ಡು, ಈ ಐದನ್ನು ಅವರು ಕೇಳುವ ಮೊದಲೇ ಹೇಳಿ. ಹಿಂದಿನ ದಿನವೇ ಕೇಳಿ. ತಡವಾಗುವುದಾದರೆ ಒಂದು ಫೋನು.

ಫಲಿತಾಂಶದ ದಿನ ಪಕ್ಕದ ಮನೆಯವರ ಅಂಕ ಬಾಯಿಗೆ ಬರಬಾರದು. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಈಗ ಒಂದಕ್ಕಿಂತ ಹೆಚ್ಚು ಅವಕಾಶ ಇವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಅವತ್ತು ಊಟ ಮಾಡಿಸಿ. ಮುಂದೇನು ಎಂಬುದನ್ನು ಮರುದಿನ ಕೂತು ನೋಡಿ.

ಕೂಗಾಡಿದ್ದರೆ ಮರುದಿನ ಬೆಳಿಗ್ಗೆಯೊಳಗೆ ಸರಿಮಾಡಿ. "ನಿನ್ನೆ ನಿನ್ನ ಫ್ರೆಂಡ್ಸ್ ಮುಂದೆ ಬೈದದ್ದು ತಪ್ಪಾಯ್ತು ಮಗ." ಅಲ್ಲಿಗೇ ನಿಲ್ಲಿಸಿ. "ಆದ್ರೆ ನೀನೂ..." ಎಂದರೆ ಕೇಳಿದ ಕ್ಷಮೆ ಅಳಿಸಿಹೋಗುತ್ತದೆ.

ಎರಡು ವಾರ ಮೀರಿ ಊಟ, ನಿದ್ದೆ ಕೆಟ್ಟಿದ್ದರೆ, ಗೆಳೆಯರನ್ನೂ ಬಿಟ್ಟು ಒಂಟಿಯಾಗಿದ್ದರೆ, "ನಾನಿಲ್ದಿದ್ರೆ ಚೆನ್ನಾಗಿತ್ತು" ಅಂದರೆ ಅದನ್ನು ನಾಟಕ ಅನ್ನಬೇಡಿ. "ಸಾಯಬೇಕು ಅಂತ ಅನ್ಸಿದ್ಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಹಾಗೆ ಅನ್ನಿಸಿದೆ ಎಂದರೆ ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟಕ್ಕೆ ಹೊಡೆಯುವ ಔಷಧಿ ಕೊಟ್ಟಿಗೆಯಲ್ಲೋ ಜಗಲಿಯಲ್ಲೋ ಇದ್ದರೆ ಇವತ್ತೇ ಬೀಗದೊಳಗೆ ಇಡಿ, ಬೀಗದ ಕೈ ದೊಡ್ಡವರ ಹತ್ತಿರ ಇರಲಿ.