ಸೊಳ್ಳೆಗೂ ಕೀಟಕ್ಕೂ ಅಂಗಳದ ಗಿಡಗಳು: ಕರಾವಳಿಯ ಮನೆಗಳಲ್ಲಿ ಬಳಸುವ ಕ್ರಮ

ಜೂನ್ ತಿಂಗಳ ಮಳೆ ಹಿಡಿದು ಹತ್ತು ದಿನ ಕಳೆದ ಮೇಲೆ, ಜಗಲಿಯಲ್ಲಿಟ್ಟ ಹೂಕುಂಡದ ಅಡಿಯ ತಟ್ಟೆಯನ್ನು ಮೆಲ್ಲಗೆ ಹೊರಗೆಳೆದು ಟಾರ್ಚಿನ ಬೆಳಕು ಬಿಟ್ಟು ನೋಡಬೇಕು. ಅರ್ಧ ಅಂಗುಲ ನೀರಿನಲ್ಲಿ ತಲೆ ಕೆಳಗಾಗಿ ತೂಗಾಡುತ್ತಿದ್ದು, ಕೈಯ ನೆರಳು ಬಿದ್ದ ಕೂಡಲೇ ಕೊಂಕುತ್ತ ತಳಕ್ಕಿಳಿಯುವ ಮರಿಗಳು ಕಂಡರೆ ಅವು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳಾಗಿರಬಹುದು. ಸೊಳ್ಳೆ ಓಡಿಸಲೆಂದು ನೆಟ್ಟ ಗಿಡದ ಬುಡದಲ್ಲೇ ಸೊಳ್ಳೆ ಹುಟ್ಟುವುದನ್ನು ತಡೆಯದೆ ಯಾವ ಸೊಪ್ಪನ್ನು ಬೆಳೆಸಿಯೂ ಪ್ರಯೋಜನವಿಲ್ಲವಾದ್ದರಿಂದ, ಗಿಡಗಳಿಗಿಂತ ಮೊದಲು ನೀರಿನ ವಿಷಯವನ್ನೇ ಹೇಳಬೇಕಾಗಿದೆ.

ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ತಟ್ಟೆಯ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ ತೊಳೆಯಬೇಕು. ಇಲ್ಲವೇ ತಟ್ಟೆಯ ತುಂಬ ಮರಳು ಹಾಕಿಬಿಡಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಈ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಮಳೆಗಾಲದಲ್ಲಿ ಕವಚಿಡದೆ ಬಿಟ್ಟ ರಬ್ಬರ್ ಹಾಲಿನ ಬಟ್ಟಲು, ಇವೆಲ್ಲವೂ ಅದಕ್ಕೆ ಒಳ್ಳೆಯ ತಾಣಗಳೇ. ಮಂಗಳೂರು ನಗರವನ್ನು ಬಹುಕಾಲ ಕಾಡಿದ ಮಲೇರಿಯಾದ ಅನಾಫಿಲಿಸ್ ಸೊಳ್ಳೆಗಾದರೋ ತಾರಸಿಯ ಟ್ಯಾಂಕು, ಬಾವಿ, ಕಟ್ಟಡ ಕಾಮಗಾರಿಯಲ್ಲಿ ನಿಂತ ತಿಳಿನೀರು ಬೇಕು. ಅದರ ಮರಿ ತೂಗಾಡದೆ ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಸಂದಿಯಿದ್ದರೆ ಬಲೆ ಕಟ್ಟಿಸಿ.

ಇನ್ನು ಗಿಡಗಳ ಮಾತು. ಎಲೆಯಲ್ಲಿರುವ ಎಣ್ಣೆ ಹೊರಬಂದಾಗ ಮಾತ್ರ ಸೊಳ್ಳೆ ದೂರ ಸರಿಯುತ್ತದೆಯೇ ಹೊರತು, ಗಿಡ ತನ್ನಷ್ಟಕ್ಕೆ ಅಂಗಳದಲ್ಲಿ ನಿಂತಿದ್ದರೆ ಹೆಚ್ಚೇನೂ ಆಗುವುದಿಲ್ಲ. ಸೊಳ್ಳೆ ಓಡಿಸುವ ಗಿಡವೆಂದು ಹೆಚ್ಚು ಬೆಲೆಗೆ ಮಾರುವ ಕುಂಡಗಳನ್ನು ಕೊಂಡು ಕಿಟಕಿಯಲ್ಲಿಟ್ಟು ನೆಮ್ಮದಿಯಿಂದ ಮಲಗುವವರನ್ನು ಕಂಡಾಗ ನನಗೆ ನಿಜವಾಗಿಯೂ ಕಳವಳವಾಗುತ್ತದೆ.

ನಮ್ಮ ಕಡೆ ಮೊದಲು ನೆಡಬೇಕಾದದ್ದು ಮಜ್ಜಿಗೆ ಹುಲ್ಲು, ಅಂದರೆ ನಿಂಬೆಯ ಪರಿಮಳದ ಲೆಮನ್ ಗ್ರಾಸ್. ಹಳೆಯ ಬುಡದಿಂದ ಬೇರುಸಹಿತ ಸೀಳಿದ ಕಂದುಗಳನ್ನು, ಎರಡು ಅಡಿ ಅಂತರ ಬಿಟ್ಟು, ನಡೆದಾಡುವ ದಾರಿಯ ಬದಿಯಲ್ಲಿ ನೆಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಸಮತಟ್ಟಾದ ನೆಲದಲ್ಲಿ ನೆಟ್ಟರೆ ಬುಡ ಕೊಳೆಯುತ್ತದೆ. ಮಣ್ಣನ್ನು ಒಂದು ಗೇಣು ಏರಿಸಿ, ಅದರ ಮೇಲೆ ನೆಡಬೇಕು. ಸಂಜೆ ಜಗಲಿಯಲ್ಲಿ ಕುಳಿತುಕೊಳ್ಳುವ ಮೊದಲು ಹತ್ತು ಹನ್ನೆರಡು ಎಲೆ ಕೊಯ್ದು, ಗಂಟು ಹಾಕಿ, ಹಸಿರು ರಸ ಕೈಗೆ ಅಂಟುವಷ್ಟು ಜಜ್ಜಿ ಕಾಲ ಬಳಿ ಇಟ್ಟುಕೊಂಡರೆ ಸ್ವಲ್ಪ ಹೊತ್ತು ಉಪಶಮನ ಸಿಗುತ್ತದೆ. ಘಾಟು ಕಡಿಮೆಯಾಯಿತೆನಿಸಿದಾಗ ಮತ್ತೆ ಜಜ್ಜಬೇಕು. ಎಲೆಯ ಅಂಚು ಹರಿತವಾದ್ದರಿಂದ ಮಕ್ಕಳ ಕೈಯಲ್ಲಿ ಕೊಯ್ಯಿಸಬೇಡಿ. ಇದೇ ಹುಲ್ಲಿನ ಹತ್ತಿರದ ಜಾತಿಯಿಂದ ತೆಗೆದ, ಅಂಗಡಿಯಲ್ಲಿ ದೊರೆಯುವ ಸಿಟ್ರೊನೆಲ್ಲ ಎಣ್ಣೆಯನ್ನು ಹಚ್ಚಿಕೊಳ್ಳುವುದಾದರೆ ಎರಡು ದೊಡ್ಡ ಚಮಚ ತೆಂಗಿನೆಣ್ಣೆಗೆ ಹತ್ತು ಹನಿಯಷ್ಟು ಬೆರೆಸಿ, ಮೊದಲು ಮೊಣಕೈಯ ಬಳಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ. ಅದರ ಗುಣ ಒಂದೆರಡು ಗಂಟೆಗಿಂತ ಹೆಚ್ಚು ನಿಲ್ಲದು. ಶಿಶುಗಳಿಗೆ ಇದು ಬೇಡ, ಅವರಿಗೆ ಸೊಳ್ಳೆಪರದೆಯೇ ಸರಿ. ಈಡಿಸ್ ಹಗಲಿನಲ್ಲಿ ಕಚ್ಚುವುದರಿಂದ ಮಗು ಹಗಲು ಮಲಗಿದಾಗಲೂ ಪರದೆ ಕಟ್ಟಬೇಕು.

ಬೇಲಿಗೆ ಲಕ್ಕಿ ಗಿಡ ಹೊಂದುತ್ತದೆ. ಮಳೆಗಾಲದ ಆರಂಭದಲ್ಲಿ ಬಲಿತ ಕೊಂಬೆ ಕಡಿದು ಊರಿದರೆ ಆರೈಕೆಯಿಲ್ಲದೆಯೂ ಚಿಗುರುತ್ತದೆ. ಅದರ ಒಣಸೊಪ್ಪನ್ನು ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಹಾಕಿ ಹಟ್ಟಿಗೆ ಹೊಗೆ ಕೊಡುವುದು ಹಳೆಯ ರೂಢಿ, ಅದು ದನಗಳಿಗೆ ಹಿತವೇ; ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಮುಖ್ಯವಾಗಿ ದಮ್ಮು ಇರುವವರ ಮನೆಯಲ್ಲಿ ಹೊಗೆ ಹಾಕಲೇಬಾರದು. ಸೊಳ್ಳೆಗೆಂದು ಬೆಳೆಸುವ ತುಳಸಿ, ಕಾಮಕಸ್ತೂರಿಗಳ ಕುಂಡಗಳನ್ನು ಮಾಡಿನ ನೀರು ಧಾರೆಯಾಗಿ ಬೀಳುವ ಜಾಗದಿಂದ ಒಳಕ್ಕೆ ಸರಿಸಿಡಿ.

ತರಕಾರಿಯ ಕೀಟಗಳಿಗೆ ಗೊಂಡೆ ಹೂವಿನ ಸಹಾಯ ನಿಜಕ್ಕೂ ದೊಡ್ಡದು. ಅದರ ಬೇರಿನಿಂದ ಹೊರಬರುವ ರಾಸಾಯನಿಕವು, ಗುಳ್ಳ (ದುಂಡು ಬದನೆ), ಬೆಂಡೆ, ಟೊಮೆಟೊ ಗಿಡಗಳ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುಗಳನ್ನು ಹತ್ತಿಕ್ಕುತ್ತದೆ. ಸಾಲುಗಳ ನಡುವೆ ಒತ್ತಾಗಿ ನೆಟ್ಟು, ಹೂ ಮುಗಿದ ಮೇಲೆ ಗಿಡವನ್ನು ಕಿತ್ತೆಸೆಯದೆ ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿ. ಮಟ್ಟು ಗುಳ್ಳದ ಕುಡಿ ಮತ್ತು ಕಾಯಿ ಕೊರೆಯುವ ಹುಳುವನ್ನು ಮಾತ್ರ ಗೊಂಡೆ ತಡೆಯುವುದಿಲ್ಲ. ಬಾಡಿ ಜೋತುಬಿದ್ದ ಕುಡಿಯನ್ನು ಕಂಡಕಂಡಾಗ ಎರಡು ಅಂಗುಲ ಕೆಳಗಿನಿಂದ ಚಿವುಟಿ ಸುಡಬೇಕು.

ಅಲಸಂಡೆಯ ಹೇನು, ದಾಸವಾಳದ ಬಿಳಿ ಹಿಟ್ಟು ತಿಗಣೆಗೆ ಕಹಿಬೇವು ಬೇಕು. ನಮ್ಮಲ್ಲಿ ಬರೇ ಬೇವೆಂದರೆ ಒಗ್ಗರಣೆಯ ಸೊಪ್ಪೆಂದು ಅರ್ಥವಾಗುವುದರಿಂದ, ಅಂಗಡಿಯಲ್ಲಿ ಕಹಿಬೇವಿನ ಬೀಜವೆಂದೇ ಕೇಳಿ. ಸಿಪ್ಪೆ ತೆಗೆದ ತಿರುಳಿನ ಪುಡಿ 50 ಗ್ರಾಂ ತೆಗೆದುಕೊಂಡು ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಾಲಿನಂಥ ರಸ ಬರುವವರೆಗೆ ಹಿಂಡಿ ಸೋಸಿ. ಎಲೆಗೆ ಅಂಟಲು ಸ್ವಲ್ಪ ಸೋಪಿನ ನೀರು ಸೇರಿಸಿ. ಬಿಸಿಲಿಗೆ ಇದರ ಸತ್ವ ಬೇಗ ನಾಶವಾಗುವುದರಿಂದಲೂ, ಜೇನುನೊಣಗಳು ಗೂಡಿಗೆ ಮರಳಿರುವುದರಿಂದಲೂ ಸಂಜೆ ಆರರ ಹೊತ್ತಿಗೆ, ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಬೇಕು. ಆ ರಾತ್ರಿ ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಮಳೆ ಬಿಟ್ಟ ಸಂಜೆ ಹೊಸದಾಗಿ ರಸ ಮಾಡಿ ಇನ್ನೊಮ್ಮೆ ಹೊಡೆಯಿರಿ, ಉಳಿದ ರಸವನ್ನು ಮರುದಿನಕ್ಕೆ ಇಡಬೇಡಿ.